ಶರಾವತಿ ಕಣಿವೆ: ಅಳೆದವರು ಯಾರು, ಮುಳುಗಿದವರು ಯಾರು?

ಈ ಸಲದ ಎಪಿಸೋಡನ್ನ ನೀರಿನ ಅಡಿಯಲ್ಲಿರೋ ಒಂದು ಅಣೆಕಟ್ಟೆಯಿಂದ ಶುರು ಮಾಡೋಣ.

ಹೌದು, ಅಣೆಕಟ್ಟೆಯೇ ನೀರಿನ ಅಡಿಯಲ್ಲಿದೆ. ಸಾಗರ ತಾಲ್ಲೂಕಿನ ಮಡೇನೂರಿನ ಹತ್ತಿರ, ಶರಾವತಿ ನದಿಗೆ 1940ರ ದಶಕದಲ್ಲಿ ಕಟ್ಟಿದ್ದು. ಹೆಸರು ಹಿರೇಭಾಸ್ಕರ. ಮಳೆಗಾಲ ಕೈಕೊಟ್ಟ ವರ್ಷ, ಏಪ್ರಿಲ್-ಮೇ ಹೊತ್ತಿಗೆ ಲಿಂಗನಮಕ್ಕಿ ಜಲಾಶಯದ ನೀರು ತೀರಾ ಕೆಳಗಿಳಿದಾಗ ಅದು ಮೇಲೆ ಕಾಣಿಸುತ್ತೆ. ಜನ ಬೈಕ್ ತಗೊಂಡು ಹೋಗ್ತಾರೆ, ಅದರ ಕಲ್ಲಿನ ಗೋಡೆ ಮೇಲೆ ಓಡಾಡ್ತಾರೆ, ರೀಲ್ಸ್ ಮಾಡ್ತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಕಟ್ಟೆ ಮತ್ತೆ ನೀರಿನೊಳಗೆ.

ವಿದ್ಯುತ್ತಿಗಾಗಿ ಒಂದು ಅಣೆಕಟ್ಟೆ ಕಟ್ಟಿದ್ರು. ಇಪ್ಪತ್ತು ವರ್ಷ ತುಂಬೋದರೊಳಗೆ ಅದೇ ಹೊಳೆಗೆ ಅದಕ್ಕಿಂತ ದೊಡ್ಡದು ಕಟ್ಟಿ, ಮೊದಲನೆಯದನ್ನೇ ಮುಳುಗಿಸಿದ್ರು. ಅಣೆಕಟ್ಟೆಗೇ ಈ ಗತಿ ಅಂದ ಮೇಲೆ, ಸುತ್ತಲಿನ ಊರು, ಗದ್ದೆ, ತೋಟ, ಕಾಡಿನ ಕಥೆ ಏನಾಗಿರಬಹುದು? ಇವತ್ತು ಅದೇ ಮಾತು.

ನಾನು ಬಿಕಾಂ ಓದಿದವಳು. ಇತಿಹಾಸ ನನಗೆ ಕ್ಲಾಸ್‌ರೂಮಲ್ಲಿ ಸಿಕ್ಕಿದ್ದಲ್ಲ. ಆದ್ರೆ ಅಕೌಂಟ್ಸ್ ಓದಿದವರಿಗೆ ಒಂದು ಚಟ ಅಂಟಿಕೊಳ್ಳುತ್ತೆ. ಯಾವ ಪುಸ್ತಕ ಕೈಗೆ ಸಿಕ್ಕರೂ, ಇದರಲ್ಲಿ ಏನು ಎಂಟ್ರಿ ಆಗಿದೆ, ಏನು ಎಂಟ್ರಿ ಆಗಿಲ್ಲ ಅಂತ ಹುಡುಕೋ ಚಟ. ಶರಾವತಿ ಕಣಿವೆಯ ಬಗ್ಗೆ ಓದ್ತಾ ಹೋದಾಗ ನನಗೆ ಕಾಣಿಸಿದ್ದು ಇಷ್ಟೇ: ಈ ಕಣಿವೆಗೆ ಬಂದ ಪ್ರತಿಯೊಬ್ಬರೂ ಅದನ್ನ ತಮ್ಮದೇ ಒಂದು ಅಳತೆಯಲ್ಲಿ ಅಳೆದ್ರು. ಒಬ್ಬರಿಗೆ ಮೆಣಸು, ಇನ್ನೊಬ್ಬರಿಗೆ ಅಡಿ, ಮತ್ತೊಬ್ಬರಿಗೆ ಮೆಗಾವಾಟ್. ಯಾರ ಅಳತೆ ಸರ್ಕಾರದ ಪುಸ್ತಕಕ್ಕೆ ಹೋಯಿತೋ ಅವರ ಮಾತು ನಡೆಯಿತು. ಅಲ್ಲೇ ಬದುಕಿದ್ದವರ ಅಳತೆ ಮಾತ್ರ ಪುಸ್ತಕಕ್ಕೆ ಸರಿಯಾಗಿ ಹೋಗಲೇ ಇಲ್ಲ. ಅದರ ಬೆಲೆಯನ್ನ ಅವರ ಮೊಮ್ಮಕ್ಕಳು ಇವತ್ತಿಗೂ ಕಟ್ತಾ ಇದ್ದಾರೆ.

ಮೊದಲು ಹೊಳೆಯ ದಾರಿ

ಮ್ಯಾಪ್ ತೆಗೆಯೋದು ಬೇಡ, ನಾನೇ ಹೇಳ್ತೀನಿ. ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸೀತೆಗೆ ಬಾಯಾರಿಕೆ ಆದಾಗ ರಾಮ ಬಾಣ ಬಿಟ್ಟು ನೀರು ತರಿಸಿದ ಅಂತ ಸ್ಥಳಪುರಾಣ. ಅದಕ್ಕೇ ಅಂಬು, ಅದಕ್ಕೇ ಶರ. ಅಲ್ಲಿಂದ ಹೊಸನಗರ, ಸಾಗರದ ಕಡೆ ವಾಯವ್ಯಕ್ಕೆ ಹರಿದು, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತೆ. ಒಟ್ಟು ದಾರಿ ಸುಮಾರು 130 ಕಿಲೋಮೀಟರ್. ಬೆಂಗಳೂರಿಂದ ಮೈಸೂರಿಗಿಂತಲೂ ಕಡಿಮೆ.

ಇಷ್ಟು ಚಿಕ್ಕ ಹೊಳೆಗೆ ಎರಡು ಬೇರೆ ಬೇರೆ ಕಣಿವೆ ಇದೆ. ಜೋಗದ ಮೇಲ್ಗಡೆ ಅಗಲವಾದ, ತಗ್ಗಾದ ಕಣಿವೆ. ಗುಡ್ಡದ ಮಡಿಕೆ ಮಡಿಕೆಯಲ್ಲೂ ಊರು. ಜೋಗದ ಕೆಳಗಡೆ ಕಡಿದಾದ ಕಮರಿ, ದಟ್ಟ ಕಾಡು, ಆಮೇಲೆ ಗೇರುಸೊಪ್ಪೆ, ಅಲ್ಲಿಂದ ದೋಣಿ ಹೋಗುವಷ್ಟು ಸಮತಟ್ಟಾದ ನೀರು. ನಡುವೆ ಮೆಟ್ಟಿಲಿನ ಹಾಗೆ ಜೋಗ. ಈ ಮೆಟ್ಟಿಲೇ ಮುಂದೆ ಎಲ್ಲಾ ಕಥೆಗೂ ಕಾರಣ, ನೆನಪಿಟ್ಕೊಳ್ಳಿ.

ಅಲ್ಲಿದ್ದವರ ಮಾತಲ್ಲಿ ಕಣಿವೆ

‘ಶರಾವತಿ ಕಣಿವೆ’ ಅನ್ನೋದು ನಾವು ಪೇಪರ್‌ನಲ್ಲಿ ಓದೋ ಮಾತು. ಕನ್ನಡದಲ್ಲಿ ಕಣಿವೆ ಅಂದ್ರೆ ಎರಡು ಗುಡ್ಡದ ನಡುವಿನ ಸಂದು, ಹಾದುಹೋಗೋ ದಾರಿ ಅನ್ನೋ ಅರ್ಥವೂ ಇದೆ. ಚಿತ್ರದುರ್ಗದ ಕಡೆಯ ಮಾರಿಕಣಿವೆ ಗೊತ್ತಲ್ಲ, ವಾಣಿವಿಲಾಸ ಸಾಗರ ಕಟ್ಟಿದ್ದು ಅಂಥ ಒಂದು ಸಂದಿಗೆ ಅಡ್ಡಲಾಗಿ. ಆದ್ರೆ ಮಲೆನಾಡಿನವರು ‘ನಮ್ಮೂರು ಕಣಿವೆಯಲ್ಲಿದೆ’ ಅಂತ ಹೇಳೋದು ಅಪರೂಪ. ಅವರ ಲೆಕ್ಕ ಬೇರೆ: ಘಟ್ಟದ ಮೇಲೆ, ಘಟ್ಟದ ಕೆಳಗೆ. ಹೊಳೆ ಆಚೆ, ಹೊಳೆ ಈಚೆ. ಕರೂರು ಸೀಮೆ, ಬಾರಂಗಿ ಸೀಮೆ.

ಊರೊಳಗೆ ಹೋದ್ರೆ ಮಾತು ಇನ್ನೂ ಸೂಕ್ಷ್ಮ. ಗುಡ್ಡದ ಮಡಿಕೆಯಲ್ಲಿ, ನೆರಳು ಮತ್ತು ತೇವ ಇರೋ ಕಡೆ ಅಡಿಕೆ ತೋಟ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ. ತಗ್ಗಿನಲ್ಲಿ ಭತ್ತದ ಗದ್ದೆ. ತೋಟ-ಗದ್ದೆಗೆ ಹತ್ತಿರವಾಗಿ, ಸ್ವಲ್ಪ ಎತ್ತರದಲ್ಲಿ ಮನೆ. ಮನೆಯ ಹಿಂದೆ ಸೊಪ್ಪಿನಬೆಟ್ಟ. ತೋಟಕ್ಕೆ ಹಾಕೋ ಸೊಪ್ಪು, ದರಕು, ಕೊಟ್ಟಿಗೆಗೆ ಹಾಸು ಎಲ್ಲಾ ಅಲ್ಲಿಂದ. ದನ ಮೇಯೋಕೆ ಬ್ಯಾಣ. ಅದರಾಚೆ ಕಾನು. ಕಾನು ಅಂದ್ರೆ ಸುಮ್ಮನೆ ಕಾಡಲ್ಲ. ವರ್ಷವಿಡೀ ಹಸಿರಾಗಿ ನೀರು ಹಿಡಿದಿಡೋ ಕಾಡು, ಕಾಳುಮೆಣಸು ಸಿಗೋ ಕಾಡು, ಹಲವು ಕಡೆ ದೇವರಿಗೆ ಬಿಟ್ಟ ಕಾಡು.

ಈ ಆರು ಮಾತನ್ನ ಒಂದರ ಕೆಳಗೊಂದು ಬರೆದ್ರೆ ಅದೇ ಕಣಿವೆಯ ನಕ್ಷೆ. ಕಾನು ನೀರು ಕೊಡುತ್ತೆ, ಬೆಟ್ಟ ಗೊಬ್ಬರ ಕೊಡುತ್ತೆ, ಬ್ಯಾಣ ದನ ಸಾಕುತ್ತೆ, ಇಷ್ಟೆಲ್ಲಾ ಇಳಿದು ಬಂದು ತೋಟ ಮತ್ತು ಗದ್ದೆ ಆಗುತ್ತೆ. ಒಂದು ತುದಿ ಎಳೆದ್ರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತೆ. ಇದಕ್ಕೆ ಸರ್ಕಾರಿ ದಾಖಲೆಯಲ್ಲೇ ಒಂದು ಪುರಾವೆ ಇದೆ. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ, ಘಟ್ಟದ ಮೇಲಿನ ತೋಟದವರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಕೊಡ್ತಿದ್ರು. ಒಂದಕ್ಕೆ ಒಂಬತ್ತು! ಬ್ರಿಟಿಷ್ ಅಧಿಕಾರಿಗಳಿಗೂ ಇದು ಅರ್ಥ ಆಗಿತ್ತು. ಆದ್ರೆ ಗಮನಿಸಿ, ಅದು ಸೌಲಭ್ಯ ಮಾತ್ರ. ಸೊಪ್ಪು ಕಡಿಯಬಹುದು, ದರಕು ಬಾಚಬಹುದು. ಜಮೀನು ಸರ್ಕಾರದ್ದು.

ಈ ಕಣಿವೆಯಲ್ಲಿ ಯಾರ್ಯಾರಿದ್ರು? ತೋಟ ಮಾಡೋ ಹವ್ಯಕರು, ಗದ್ದೆ ಮಾಡೋ ದೀವರು, ಒಕ್ಕಲಿಗರು, ಜೈನರು, ಕುಣಬಿಯರು, ಹಸಲರು, ಇನ್ನೂ ಹಲವರು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಯಲ್ಲಿ ಬರೆಯೋ ಚಿತ್ತಾರ ಇವತ್ತು ಇನ್‌ಸ್ಟಾಗ್ರಾಮಲ್ಲಿ ಫೇಮಸ್. ಭೂಮಿ ಹುಣ್ಣಿಮೆಗೆ, ತೆನೆ ಹೊತ್ತ ಗದ್ದೆಯನ್ನ ಬಸುರಿ ಹೆಣ್ಣು ಅಂತ ತಿಳಿದು, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯ ಅಡುಗೆ ಹೊತ್ತುಕೊಂಡು ಹೋಗಿ ಬಡಿಸ್ತಾರೆ. ಗದ್ದೆಯನ್ನ ಎಕರೆ-ಗುಂಟೆಯಲ್ಲಿ ಅಳೆಯೋ ಬದಲು ಹೊಟ್ಟೆಯಲ್ಲಿ ಅಳೆದವರು ಅವರು.

ಆದ್ರೆ ಇದನ್ನ ರಾಮರಾಜ್ಯ ಅಂತ ಚಿತ್ರಿಸೋದು ಬೇಡ. ಗದ್ದೆ ಉಳೋರು ಒಬ್ಬರು, ಗದ್ದೆ ಇನ್ನೊಬ್ಬರ ಹೆಸರಲ್ಲಿ. ಇದನ್ನ ಮುಂದೆ ನೋಡೋಣ.

ಮೆಣಸಿನ ಲೆಕ್ಕ

ಹೊರಗಿನವರು ಈ ಕಣಿವೆಯನ್ನ ಅಳೆದ ಮೊದಲ ಅಳತೆಗಳಲ್ಲಿ ಒಂದು ಕಾಳುಮೆಣಸು.

ಗೇರುಸೊಪ್ಪೆ 16ನೇ ಶತಮಾನದಲ್ಲಿ ಸಣ್ಣ ಊರಲ್ಲ, ರಾಜಧಾನಿ. ಘಟ್ಟದ ಮೇಲಿನ ಕಾನು-ತೋಟಗಳ ಮೆಣಸು ಕಣಿವೆಯಲ್ಲಿ ಇಳಿದು, ಇಲ್ಲಿ ದೋಣಿ ಹತ್ತಿ, ಹೊನ್ನಾವರದ ಬಂದರಿಗೆ ಹೋಗಿ ಹಡಗು ಸೇರೋದು. ಘಟ್ಟ ಮತ್ತು ಸಮುದ್ರದ ನಡುವಿನ ಬಾಗಿಲು ಯಾರ ಕೈಯಲ್ಲಿದೆಯೋ ಅವರೇ ದೊಡ್ಡವರು. ಆ ಬಾಗಿಲ ಬೀಗದ ಕೈ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಬ್ಬ ಹೆಣ್ಣುಮಗಳ ಸೊಂಟದಲ್ಲಿತ್ತು: ಸಾಳ್ವ ವಂಶದ ಜೈನ ರಾಣಿ ಚೆನ್ನಭೈರಾದೇವಿ. ಆಳ್ವಿಕೆಯ ಕಾಲ 1552ರಿಂದ 1606. ಪೋರ್ಚುಗೀಸರು ಅವಳನ್ನ ಕರೆದದ್ದು ‘ರೈನಾ ದ ಪಿಮೆಂಟಾ’ ಅಂತ, ಅಂದ್ರೆ ಮೆಣಸಿನ ರಾಣಿ.

ಹೆಸರಲ್ಲೇ ಅಳತೆ ಇದೆ ನೋಡಿ. ರಾಜ್ಯದ ಹೆಸರಲ್ಲ, ವಂಶದ ಹೆಸರಲ್ಲ. ನಮಗೆ ನಿನ್ನಿಂದ ಏನು ಬೇಕೋ ಅದೇ ನಿನ್ನ ಹೆಸರು.

1606ರ ಹೊತ್ತಿಗೆ ಕೆಳದಿಯ ನಾಯಕರು ಗೇರುಸೊಪ್ಪೆಯನ್ನ ಗೆದ್ದರು. ಅದಾಗಿ ಹದಿನೇಳು ವರ್ಷಕ್ಕೆ, 1623ರಲ್ಲಿ, ಇಟಲಿಯ ಒಬ್ಬ ಪ್ರವಾಸಿ ಈ ದಾರಿಯಲ್ಲಿ ಬಂದ. ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗಾರ ಅವನು. ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. ಇಟಾಲಿಯನ್‌ನಲ್ಲಿ ‘ದೆಲ್ಲಾ ವಾಲ್ಲೆ’ ಅಂದ್ರೆ ‘ಕಣಿವೆಯವನು’. ಕಣಿವೆಯವನೇ ಕಣಿವೆಗೆ ಬಂದ!

ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದ ಅವನು, ಎರಡೂ ದಡದ ಹಸಿರು ನೋಡಿ ತನ್ನ ಪತ್ರದಲ್ಲಿ ಮನಸಾರೆ ಹೊಗಳಿದ್ದಾನೆ. ಗೇರುಸೊಪ್ಪೆ ಮುಟ್ಟಿದಾಗ ಕಂಡದ್ದು ಬೇರೆ: ಒಂದು ಕಾಲದ ಅರಮನೆಯ ಜಾಗದಲ್ಲಿ ಮರಗಿಡ ಬೆಳೆದಿತ್ತು. ಇಪ್ಪತ್ತು ವರ್ಷದೊಳಗೆ ರಾಜಧಾನಿ ಕಾಡಾಗಿತ್ತು. ಇವತ್ತು ಹೋದ್ರೂ ಅಲ್ಲಿ ಚತುರ್ಮುಖ ಬಸದಿ ಇದೆ, ಕಪ್ಪು ಕಲ್ಲಿನದು, ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಾಡು. ಯಾವ ದಿಕ್ಕಿಂದಲೂ ವ್ಯಾಪಾರಿಗಳು ಬರಲ್ಲ.

ಮೆಣಸಿನ ಲೆಕ್ಕದಲ್ಲಿ ಆ ಕಣಿವೆಯ ಖಾತೆ ಅಲ್ಲಿಗೆ ಕ್ಲೋಸ್. ಆದ್ರೆ ಮೇಲಿನ ಮಡಿಕೆಗಳಲ್ಲಿ ತೋಟ ಮಾಡೋರು ಮಾಡ್ತಾನೇ ಇದ್ರು. ರಾಜರು ಹೋದ್ರು, ಬಳ್ಳಿ ಮರ ಹತ್ತೋದು ನಿಲ್ಲಿಸಲಿಲ್ಲ.

ಅಡಿ ಲೆಕ್ಕ

ಎರಡನೇ ಅಳತೆ ತಂದವರು ಬ್ರಿಟಿಷರು. ಅವರಿಗೆ ಬೇಕಾದದ್ದು ನೋಟ.

ಅವರ ಪುಸ್ತಕಗಳಲ್ಲಿ ಜೋಗದ ಹೆಸರು ಹೆಚ್ಚಾಗಿ ‘ಗೇರುಸೊಪ್ಪೆ ಫಾಲ್ಸ್’. ಎತ್ತರ 830 ಅಡಿ, ಇವತ್ತಿನ ಲೆಕ್ಕದಲ್ಲಿ 253 ಮೀಟರ್. ನಾಲ್ಕು ಧಾರೆಗೆ ನಾಲ್ಕು ಹೆಸರು: ರಾಜ, ರಾಣಿ, ರೋರರ್, ರಾಕೆಟ್. ನಾವು ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅದೇ. ನಾಲ್ಕರಲ್ಲಿ ಎರಡು ಹೆಸರು ಇಂಗ್ಲಿಷ್ ಯಾಕೆ ಅಂತ ಆಗ ಕೇಳಿದ್ವಾ?

ಆ ಕಾಲಕ್ಕೆ ಜೋಗದಲ್ಲಿ ಹೊಳೆಯೇ ಗಡಿ. ಒಂದು ದಡ ಮೈಸೂರು ಸಂಸ್ಥಾನದ್ದು, ಇನ್ನೊಂದು ದಡ ಮುಂಬೈ ಪ್ರಾಂತ್ಯದ್ದು. ಈ ಕಡೆ ಮೈಸೂರು ಬಂಗಲೆ, ಆ ಕಡೆ ಬಾಂಬೆ ಬಂಗಲೆ. ಬಂಗಲೆಯ ಜಗಲಿಯಿಂದ ನೋಡಿದ್ರೆ ಕಣಿವೆ ಒಂದು ಚಿತ್ರ. ಚಿತ್ರದಲ್ಲಿ ನೀರಿದೆ, ಮಂಜಿದೆ, ಬಂಡೆಯಿದೆ. ಸೊಪ್ಪಿನ ಹೊರೆ ಹೊತ್ತವರು ಇಲ್ಲ, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟೋರು ಇಲ್ಲ.

ಇದು ಬ್ರಿಟಿಷರ ಮೇಲೆ ಮಾತ್ರ ಹಾಕೋ ತಪ್ಪಲ್ಲ. ನಾವೂ ಜೋಗಕ್ಕೆ ಹೋಗಿ ಮಾಡೋದು ಅದನ್ನೇ. ವ್ಯೂ ಪಾಯಿಂಟಲ್ಲಿ ನಿಂತು ಫೋಟೋ ತೆಗೆದು, ಬೋಂಡಾ ತಿಂದು ವಾಪಸ್. ನೋಡೋಕೆ ಒಂದು ಜಾಗ ಅಂತ ಆದ ಮೇಲೆ, ಅಲ್ಲಿ ಬದುಕೋರು ಫ್ರೇಮಿನಿಂದ ಹೊರಗೆ ಹೋಗ್ತಾರೆ.

ಮೆಗಾವಾಟ್ ಲೆಕ್ಕ

ಮೂರನೇ ಅಳತೆ ಎಂಜಿನಿಯರ್‌ಗಳದ್ದು. ಜೋಗ ನೋಡಿದ ವಿಶ್ವೇಶ್ವರಯ್ಯನವರಿಗೆ ಇಷ್ಟು ಶಕ್ತಿ ಸುಮ್ಮನೆ ಹರಿದು ಹೋಗ್ತಿದೆಯಲ್ಲ ಅನ್ನಿಸಿತಂತೆ ಅನ್ನೋ ಕಥೆ ನೀವೂ ಕೇಳಿರ್ತೀರ. ಕಥೆ ಅಂತಲೇ ಇಟ್ಟುಕೊಳ್ಳೋಣ. ಆದ್ರೆ ಆ ಕಥೆ ಇಷ್ಟು ಜನಪ್ರಿಯ ಆಗಿದ್ದು ಯಾಕೆ? ಒಂದು ಇಡೀ ತಲೆಮಾರು ಹೊಳೆಯನ್ನ ಹಾಗೇ ನೋಡೋಕೆ ಕಲಿತಿತ್ತು.

ಲೆಕ್ಕ ಸರಳ. ವಿದ್ಯುತ್ತಿಗೆ ಎರಡು ಬೇಕು: ನೀರು, ಮತ್ತೆ ಅದು ಬೀಳೋ ಎತ್ತರ. ಶರಾವತಿಯಲ್ಲಿ ಎರಡೂ ಇದೆ. 1939ರಲ್ಲಿ ಮೈಸೂರು ಸಂಸ್ಥಾನ ಜೋಗದ ವಿದ್ಯುತ್ ಯೋಜನೆಗೆ ಕೈಹಾಕಿತು. ಬೇಸಿಗೆಯಲ್ಲೂ ನೀರು ಇರಲಿ ಅಂತ ಮೇಲ್ಗಡೆ ಹಿರೇಭಾಸ್ಕರ ಕಟ್ಟೆ. 1948ರಲ್ಲಿ ವಿದ್ಯುತ್ ಬಂತು. ಆ ವರ್ಷದ ಜನವರಿಯಲ್ಲಷ್ಟೇ ಗಾಂಧೀಜಿಯ ಹತ್ಯೆ ಆಗಿತ್ತು. ಕೇಂದ್ರಕ್ಕೆ ಮುಂದೆ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಅಂತ ಹೆಸರಾಯಿತು. ಕೊನೆಗೆ ಅದರ ಸಾಮರ್ಥ್ಯ 139.2 ಮೆಗಾವಾಟ್.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ. ಉತ್ತರ ಕನ್ನಡ ಮುಂಬೈನಿಂದ ಬಿಟ್ಟು ಮೈಸೂರಿಗೆ ಸೇರಿತು. ಹೊಳೆಯ ಎರಡೂ ದಡ, ಮೇಲಿನ ಕಣಿವೆ, ಕೆಳಗಿನ ಕಣಿವೆ ಎಲ್ಲಾ ಒಂದೇ ಸರ್ಕಾರದ ಕೈಗೆ ಬಂತು. ಆಗ ಲೆಕ್ಕವೂ ದೊಡ್ಡದಾಯಿತು: ಲಿಂಗನಮಕ್ಕಿ.

1964ರಲ್ಲಿ ಕಟ್ಟೆ ಮುಗಿಯಿತು. ಪೂರ್ಣ ಮಟ್ಟ ಸಮುದ್ರದಿಂದ 1819 ಅಡಿ. ಈ ನಂಬರ್ ಶಿವಮೊಗ್ಗದ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ದಿನಾ ಪೇಪರ್‌ನಲ್ಲಿ ಬರುತ್ತೆ. ಸಂಗ್ರಹ ಸುಮಾರು 151 ಟಿಎಂಸಿ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು. ಇಲ್ಲಿಂದ ನೀರು ತಳಕಳಲೆ ಅನ್ನೋ ಇನ್ನೊಂದು ಸಣ್ಣ ಜಲಾಶಯಕ್ಕೆ, ಅಲ್ಲಿಂದ ಕೊಳವೆಗಳಲ್ಲಿ ಕೆಳಗಿನ ಕಣಿವೆಯ ಶರಾವತಿ ವಿದ್ಯುದಾಗಾರಕ್ಕೆ. ಸಾಮರ್ಥ್ಯ 1035 ಮೆಗಾವಾಟ್. ರಾಜ್ಯದ ಅತಿ ದೊಡ್ಡ ಜಲವಿದ್ಯುತ್ ಕೇಂದ್ರ. ಆಮೇಲೆ ಗೇರುಸೊಪ್ಪೆಯಲ್ಲೂ ಕಟ್ಟೆ ಕಟ್ಟಿ ಇನ್ನೂ 240 ಮೆಗಾವಾಟ್. ಅದೇ ನೀರನ್ನ ಮೆಟ್ಟಿಲು ಮೆಟ್ಟಿಲಾಗಿ ದುಡಿಸೋದು.

ಇದನ್ನ ಕೀಳಾಗಿ ನೋಡೋಕೆ ನನಗೆ ಮನಸ್ಸಿಲ್ಲ. ಕರ್ನಾಟಕದ ಕಾರ್ಖಾನೆಗಳು ತಿರುಗಿದ್ದು, ಸಣ್ಣ ಊರುಗಳಲ್ಲಿ ದೀಪ ಹತ್ತಿದ್ದು, ಪಂಪ್‌ಸೆಟ್ ಓಡಿದ್ದು ಈ ನೀರಿಂದ. ಹೊಗೆಯಿಲ್ಲದ, ಅಗ್ಗದ ಕರೆಂಟು. ಬೆಂಗಳೂರಲ್ಲಿ ಕೂತು ಮೈಕ್ ಆನ್ ಮಾಡಿ ಮಾತಾಡ್ತಿರೋ ನಾನೂ ಅದರ ಫಲಾನುಭವಿಯೇ. ಲಾಭದ ಕಾಲಂ ನಿಜ. ಪ್ರಶ್ನೆ ಇರೋದು ಪಕ್ಕದ ಕಾಲಂ ಬಗ್ಗೆ.

ಮುಳುಗಡೆ

ಸಾಗರದ ಕಡೆ ‘ಮುಳುಗಡೆ’ ಅನ್ನೋದು ಕಾಲ ಹೇಳೋ ಮಾತು. ನಾವು ‘ಕೊರೋನಾಗಿಂತ ಮುಂಚೆ’ ಅಂತೀವಲ್ಲ, ಹಾಗೆ ಅವರಿಗೆ ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ.

ಏನು ಮುಳುಗಿತು? ಮೊದಲೇ ಹೇಳಿದ ಆರು ಮಾತು ನೆನಪಿಸ್ಕೊಳ್ಳಿ. ಅಣೆಕಟ್ಟೆಯ ನೀರು ಮೊದಲು ತುಂಬೋದು ತಗ್ಗು. ತಗ್ಗಲ್ಲಿರೋದು ಗದ್ದೆ, ಆಮೇಲೆ ತೋಟ, ಆಮೇಲೆ ಮನೆ. ಎತ್ತರದ ಕಾನು, ಬೆಟ್ಟ ಹಲವು ಕಡೆ ಉಳಿಯಿತು, ಆದ್ರೆ ಯಾರಿಗೆ ಸೊಪ್ಪು ಕೊಡೋಕೆ? ಕಣಿವೆಯಲ್ಲಿ ಅತಿ ಚಿಕ್ಕ ಭಾಗವೇ ಅತಿ ಬೆಲೆಬಾಳೋ ಭಾಗ. ಅದೇ ಹೋಯಿತು.

ಈಗ ಪರಿಹಾರದ ಲೆಕ್ಕಕ್ಕೆ ಬನ್ನಿ. ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ, ಬ್ರಿಟಿಷರು ಮಾಡಿದ್ದು. ಅದು ಜಮೀನಿಗೆ ದುಡ್ಡು ಕೊಡೋ ಕಾಯ್ದೆ. ಜನರನ್ನ ಇನ್ನೊಂದು ಕಡೆ ನೆಲೆ ನಿಲ್ಲಿಸೋದು ಅದರಲ್ಲಿ ಹಕ್ಕಾಗಿ ಇರಲೇ ಇಲ್ಲ. ಪುನರ್ವಸತಿ ಅನ್ನೋ ಮಾತು ಕಾಯ್ದೆಯ ಹೆಸರಿನೊಳಗೆ ಬಂದದ್ದು 2013ರ ಹೊಸ ಕಾಯ್ದೆಯಲ್ಲಿ. ಲಿಂಗನಮಕ್ಕಿ ಆಗಿ ಸುಮಾರು ಐವತ್ತು ವರ್ಷಕ್ಕೆ.

ಒಂದೊಂದಾಗಿ ನೋಡಿ. ತೋಟಕ್ಕೆ ಬೆಲೆ ಕಟ್ಟಬಹುದು, ಅದು ಮಾಲೀಕರ ಹೆಸರಲ್ಲಿದೆ. ಒಂದಕ್ಕೆ ಒಂಬತ್ತರ ಹಾಗೆ ತೋಟವನ್ನ ಸಾಕ್ತಿದ್ದ ಬೆಟ್ಟ? ಅದು ಸೌಲಭ್ಯ ಮಾತ್ರ, ಮಾಲೀಕತ್ವದ ಕಾಲಂಗೆ ಬರಲ್ಲ. ಕಾನಿನ ಮೆಣಸು, ಬ್ಯಾಣದ ಮೇವು, ಗುಡ್ಡದಿಂದ ತಾನಾಗೇ ಇಳಿದು ಬರೋ ಅಬ್ಬಿ ನೀರು? ಕಾಲಂ ಇಲ್ಲ. ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಆಸ್ತಿಯ ಪಟ್ಟಿಯಲ್ಲಿ ಅಂಗಡಿ ಇದೆ, ಅಂಗಡಿ ನಡೆಯೋಕೆ ಕಾರಣವಾದದ್ದು ಯಾವುದೂ ಇಲ್ಲ.

ಇನ್ನು ಗದ್ದೆ. ಇಲ್ಲಿ ಸ್ವಲ್ಪ ಹಿಂದಕ್ಕೆ, 1951ಕ್ಕೆ ಹೋಗಬೇಕು. ಇದೇ ಸಾಗರ ತಾಲ್ಲೂಕಿನ ಕಾಗೋಡು. ಭೂಮಾಲೀಕರಿಗೆ ಗೇಣಿ ಭತ್ತ ಅಳೆದು ಕೊಡೋ ಕೊಳಗದ ಗಾತ್ರದ ಮೇಲೆ ಜಗಳ ಎದ್ದಿತು. ಅಳತೆಯೇ ಮೋಸ ಅಂತ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಸಂಘಟಿತರಾದ್ರು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದ್ರು, ಶಾಂತವೇರಿ ಗೋಪಾಲಗೌಡರು ಜೊತೆಗಿದ್ರು. ‘ಉಳುವವನೇ ಹೊಲದೊಡೆಯ’ ಅನ್ನೋ ಕೂಗಿಗೆ ಕರ್ನಾಟಕದಲ್ಲಿ ಬಲ ಬಂದದ್ದು ಇಲ್ಲಿಂದ.

ಆ ಕೂಗು ಕಾನೂನಾಗಿ, ಗೇಣಿದಾರರಿಗೆ ಜಮೀನು ಸಿಗೋ ಹಾಗಾದದ್ದು 1974ರ ಮಾರ್ಚ್ 1ರಿಂದ. ಲಿಂಗನಮಕ್ಕಿ ತುಂಬಿದ್ದು 1964ರಲ್ಲಿ. ನಡುವೆ ಹತ್ತು ವರ್ಷ. ದಡದ ಮೇಲೆ ಉಳಿದ ಊರುಗಳಲ್ಲಿ ಗೇಣಿದಾರರು ಡಿಕ್ಲರೇಷನ್ ಕೊಟ್ಟು ಒಡೆಯರಾದ್ರು. ನೀರಿನ ಅಡಿ ಹೋದ ಗದ್ದೆಗೆ ಡಿಕ್ಲರೇಷನ್ ಎಲ್ಲಿ ಕೊಡೋದು? ತಲೆಮಾರುಗಳ ಕಾಲ ಉತ್ತ ಗದ್ದೆ, ಹತ್ತು ವರ್ಷ ಮೊದಲೇ ಮುಳುಗಿದ್ದಕ್ಕೆ, ಎಂದೂ ಅವರದಾಗಲಿಲ್ಲ. ಈ ನಷ್ಟವನ್ನ ಯಾವ ಪುಸ್ತಕದಲ್ಲಿ ಬರೆಯೋದು ಹೇಳಿ.

ಜನ ಎಲ್ಲಿಗೆ ಹೋದ್ರು? ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಲ್ಲಿ ಕಾಡಿನ ಜಾಗ ತೋರಿಸಿದ್ರು. ಕಡಿದು, ಹಸನು ಮಾಡಿ, ಮನೆ ಕಟ್ಟಿಕೊಂಡ್ರು. ಆದ್ರೆ ಅದರಲ್ಲಿ ಬಹಳಷ್ಟು ಜಾಗ ಕಾಗದದಲ್ಲಿ ಕಾಡಾಗಿಯೇ ಉಳೀತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅರಣ್ಯವನ್ನ ಬೇರೆ ಉದ್ದೇಶಕ್ಕೆ ಬಿಡೋಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಸರ್ಕಾರವೇ ಕರೆತಂದು ಕೂರಿಸಿದ ಜನ, ಕಾಗದದ ಮೇಲೆ ಒತ್ತುವರಿದಾರರ ಹಾಗೆ ಕಾಣೋಕೆ ಶುರುವಾಯಿತು. ಹಕ್ಕುಪತ್ರದ ಜಗಳ ಪಾದಯಾತ್ರೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ, ಕೋರ್ಟ್‌ಗಳಲ್ಲಿ ಇನ್ನೂ ನಡೀತಿದೆ. ಅರವತ್ತು ವರ್ಷ ಆಯಿತು.

ಎಲ್ಲರೂ ಹೋಗಲಿಲ್ಲ. ತುಮರಿ ಕಡೆಯ ಕರೂರು ಸೀಮೆಯವರು ಅಲ್ಲೇ ಉಳಿದ್ರು, ಮೂರು ಕಡೆ ಹಿನ್ನೀರು. ಸಾಗರ ಪೇಟೆಗೆ ಬರೋಕೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಲಾಂಚ್. ಸಿಗಂದೂರಿಗೆ ಹೋದ ನಿಮ್ಮಲ್ಲಿ ಹಲವರು ಅದರ ಮೇಲೆ ಕಾರು ಹತ್ತಿಸಿ ಖುಷಿಪಟ್ಟಿರ್ತೀರ. ನಮಗೆ ಅದು ಟ್ರಿಪ್ಪು. ಅಲ್ಲಿಯವರಿಗೆ, ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ ಏನು ಅನ್ನೋ ಪ್ರಶ್ನೆ. ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ನಾಡಿಗೆಲ್ಲಾ ಬೆಳಕು ಕೊಟ್ಟ ನೀರನ್ನ ದಾಟೋಕೆ ಅವರು ಅರವತ್ತು ವರ್ಷ ಕಾದ್ರು. ದೀಪದ ಬುಡದಲ್ಲಿ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಈ ಕಾಲಂ ಬರೆದವರು ಯಾರೂ ಇಲ್ವಾ? ಇದ್ದಾರೆ. ಅವರು ಅಧಿಕಾರಿಗಳಾಗಿ ಬರೆಯಲಿಲ್ಲ, ಕಾದಂಬರಿಕಾರರಾಗಿ ಬರೆದ್ರು. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದವರು. ಹಗಲು ಯೋಜನೆಯ ಕೆಲಸ, ಮನಸ್ಸಲ್ಲಿ ಜನರ ಲೆಕ್ಕ. ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಬಂದದ್ದು ಹಾಗೆ. ‘ದ್ವೀಪ’ವನ್ನ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿ ಬಂತು. ವಿದ್ಯುತ್ ಇಲಾಖೆಯಲ್ಲೇ ಎಂಜಿನಿಯರ್ ಆಗಿದ್ದ ಗಜಾನನ ಶರ್ಮ ‘ಪುನರ್ವಸು’ ಬರೆದ್ರು. ನೋಡಿ, ಇಬ್ಬರೂ ವ್ಯವಸ್ಥೆಯ ಒಳಗೇ ಇದ್ದವರು. ಸರ್ಕಾರಿ ಫೈಲಲ್ಲಿ ಜಾಗ ಸಿಗದ ಮಾತಿಗೆ ಕಾದಂಬರಿಯಲ್ಲಿ ಜಾಗ ಹುಡುಕಿದ್ರು.

ಮತ್ತೊಂದು ಅಳತೆ

1972ರಲ್ಲಿ ಕಣಿವೆಗೆ ಇನ್ನೊಂದು ಹೆಸರು ಸೇರಿತು: ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯ, 431 ಚದರ ಕಿಲೋಮೀಟರ್. 2019ರಲ್ಲಿ ಅದನ್ನ ಸಿಂಗಳೀಕದ ಹೆಸರಲ್ಲಿ ಸುಮಾರು 930 ಚದರ ಕಿಲೋಮೀಟರ್‌ಗೆ ಹಿಗ್ಗಿಸಿದ್ರು. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಲೋಕದ ಇನ್ನೆಲ್ಲೂ ಇಲ್ಲ. ಮರದಿಂದ ಮರಕ್ಕೆ ಹೋಗೋ ಪ್ರಾಣಿ. ಮೇಲಿನ ಹಸಿರು ಚಪ್ಪರ ತುಂಡಾದ್ರೆ ಅದರ ದಾರಿಯೇ ತುಂಡು. ಒಳ್ಳೇ ಕೆಲಸ. ಆದ್ರೆ ಒಳಗಿನ ಊರಿನವರಿಗೆ ಇದೂ ಹೊರಗಿಂದ ಬಂದ ಅಳತೆಯೇ. ಮುಳುಗಡೆಯಲ್ಲಿ ಗದ್ದೆ ಕಳಕೊಂಡವರಿಗೆ ಉಳಿದ ಬೆಟ್ಟಕ್ಕೂ ಈಗ ಬೇಲಿ ಬಂತಲ್ಲ ಅನ್ನೋ ಭಯ.

ಈಗ ಹೊಸ ಅಳತೆ: ಬ್ಯಾಟರಿ. ಶರಾವತಿ ಪಂಪ್ಡ್ ಸ್ಟೋರೇಜ್ ಅಂತ ಕೇಳಿರ್ತೀರ. 2000 ಮೆಗಾವಾಟ್‌ನ ಪ್ರಸ್ತಾಪ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ, ನಡುವೆ ಗುಡ್ಡದೊಳಗೆ ಸುರಂಗ. ಕರೆಂಟ್ ಹೆಚ್ಚಿದ್ದಾಗ ಕೆಳಗಿನ ನೀರನ್ನ ಮೇಲಕ್ಕೆ ಪಂಪ್ ಮಾಡೋದು, ಬೇಕಾದಾಗ ಕೆಳಕ್ಕೆ ಬಿಟ್ಟು ಕರೆಂಟ್ ತೆಗೆಯೋದು. ಪಂಪ್ ಮಾಡೋಕೆ ಖರ್ಚಾಗೋದು ವಾಪಸ್ ಬರೋದಕ್ಕಿಂತ ಜಾಸ್ತಿ; ಆದ್ರೂ ಸೋಲಾರ್, ಗಾಳಿ ವಿದ್ಯುತ್ ಸಂಜೆಗೆ ಉಳಿಸಿಡೋಕೆ ಒಂದು ದಾರಿ ಬೇಕು ಅನ್ನೋದು ಯೋಜನೆಯ ಪರವಾದ ವಾದ. ಹೊಸ ಅಣೆಕಟ್ಟೆ ಬೇಡ ಅನ್ನೋದು ಇನ್ನೊಂದು. ಸುರಂಗ, ರಸ್ತೆ, ಕಡಿಯೋ ಮರ, ಕುಸಿಯೋ ಗುಡ್ಡ, ಸಿಂಗಳೀಕದ ಕಾಡು ಅನ್ನೋದು ವಿರೋಧದ ವಾದ. ಚೆನ್ನಭೈರಾದೇವಿಯ ಮೆಣಸು ದೋಣಿ ಹತ್ತುತ್ತಿದ್ದ ಗೇರುಸೊಪ್ಪೆ ಈಗ ಬ್ಯಾಟರಿಯ ಒಂದು ತುದಿ.

ಬೇಕೋ ಬೇಡವೋ ಅಂತ ತೀರ್ಪು ಕೊಡೋಕೆ ನಾನು ಎಂಜಿನಿಯರ್ ಅಲ್ಲ. ಆದ್ರೆ ಲೆಕ್ಕ ಓದಿದವಳಾಗಿ ಒಂದು ಮಾತು ಹೇಳಬಲ್ಲೆ. ಲಾಭದ ಕಾಲಂನ ದಶಮಾಂಶದವರೆಗೆ ತುಂಬಿಸಿ, ನಷ್ಟದ ಕಾಲಂಗೆ ‘ನಂತರ ನೋಡೋಣ’ ಅಂತ ಬರೆದ ಪುಸ್ತಕಕ್ಕೆ ಯಾವ ಆಡಿಟರೂ ಸಹಿ ಹಾಕಲ್ಲ. 1964ರಲ್ಲಿ ಹಾಕಿದ್ರು. ಆ ‘ನಂತರ’ ಇನ್ನೂ ಬಂದಿಲ್ಲ. ಹೊಸ ಪುಸ್ತಕ ತೆರೆಯೋ ಮೊದಲು ಹಳೇ ಬಾಕಿ ಚುಕ್ತಾ ಮಾಡಬೇಕು: ಹಕ್ಕುಪತ್ರ ಕೊಡಬೇಕು. ಮತ್ತೆ ಹೊಸ ಪುಸ್ತಕದಲ್ಲಿ ಕಾನು, ಬೆಟ್ಟ, ಬ್ಯಾಣ, ಅಬ್ಬಿ ನೀರಿಗೂ ಒಂದೊಂದು ಕಾಲಂ ಇರಬೇಕು. ಆ ಕಾಲಂ ತುಂಬಿಸೋಕೆ ಗೊತ್ತಿರೋದು ಅಲ್ಲಿ ಬದುಕಿದವರಿಗೆ ಮಾತ್ರ.

ಅದಕ್ಕೇ ಕೊನೆಯಲ್ಲಿ ಒಂದು ಕೆಲಸ ಕೊಡ್ತೀನಿ. ಮುಳುಗಡೆ ಆದಾಗ ಹದಿನೈದು ವರ್ಷ ಇದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಸಾಗರ, ಹೊಸನಗರ, ಶಿವಮೊಗ್ಗ, ಸಿದ್ದಾಪುರ, ಹೊನ್ನಾವರ ಕಡೆಯ ಕೇಳುಗರು ತುಂಬಾ ಜನ ಇದ್ದೀರ. ನಿಮ್ಮ ಅಜ್ಜಿ, ಅಜ್ಜ, ಪಕ್ಕದ ಮನೆಯ ಹಿರಿಯರು ಯಾರಾದ್ರೂ ಮುಳುಗಡೆ ಊರಿನವರಾಗಿದ್ರೆ, ಕೈಯಲ್ಲಿರೋ ಫೋನಲ್ಲೇ ರೆಕಾರ್ಡ್ ಮಾಡಿ. ‘ಎಷ್ಟು ಎಕರೆ ಹೋಯಿತು’ ಅಂತ ಮಾತ್ರ ಕೇಳಬೇಡಿ, ಅದು ಫೈಲಲ್ಲಿ ಇರುತ್ತೆ. ನೀರು ಎಲ್ಲಿಂದ ಬರ್ತಿತ್ತು, ಸೊಪ್ಪು ಯಾವ ಬೆಟ್ಟದ್ದು, ಗದ್ದೆಗೆ ಏನಂತ ಹೆಸರಿತ್ತು, ಭೂಮಿ ಹುಣ್ಣಿಮೆಯ ಬುಟ್ಟಿ ಯಾವ ದಾರಿಯಲ್ಲಿ ಹೋಗ್ತಿತ್ತು ಅಂತ ಕೇಳಿ. ಅವರು ಹೇಳೋ ಒಂದೊಂದು ಹೆಸರೂ ಒಂದೊಂದು ಎಂಟ್ರಿ.

ಫೈಲ್ ನಿಮ್ಮ ಹತ್ತಿರವೇ ಇರಲಿ. ಊರಿನ ಲೈಬ್ರರಿಗೋ ಶಾಲೆಗೋ ಒಂದು ಪ್ರತಿ ಕೊಡಿ. ಮುಂದಿನ ಸಲ ಯಾರಾದ್ರೂ ಅಳತೆ ಟೇಪು ಹಿಡ್ಕೊಂಡು ಕಣಿವೆಗೆ ಬಂದ್ರೆ, ಮೊದಲು ಇದನ್ನ ಕೇಳಿ ಅಂತ ಕೊಡೋಕೆ ಏನಾದ್ರೂ ಇರಬೇಕಲ್ಲ.

ಮುಂದಿನ ಎಪಿಸೋಡಲ್ಲಿ ಸಿಗೋಣ.